ಹಾಜರಿ ಪುಸ್ತಕದಲ್ಲಿದ್ದ ಟೀಚರಮ್ಮ

ಮೂರನೇ ಸಲವೂ ಅದೇ ಉತ್ತರ ಬಂದಾಗ ಟೀಚರಮ್ಮ ಕಾಗದವನ್ನು ಮಡಚಿ ಫ್ರಿಜ್ಜಿನ ಮೇಲಿಟ್ಟು, ಒದ್ದೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಮಹಡಿಗೆ ಹೋದಳು. ಬಟ್ಟೆ ಒಣಹಾಕುವಾಗ ಅವಳ ತಲೆ ಚೆನ್ನಾಗಿ ಓಡುತ್ತಿತ್ತು. ಕಾಗದದಲ್ಲಿದ್ದದ್ದು ಎರಡೇ ಸಾಲು. ‘ನಮ್ಮ ದಾಖಲೆಯ ಪ್ರಕಾರ ತಾವು ಈಗಲೂ ಸೇವೆಯಲ್ಲಿದ್ದೀರಿ. ಸೇವೆಯಲ್ಲಿರುವವರಿಗೆ ಪಿಂಚಣಿ ವಂತಿಗೆಯನ್ನು ಹಿಂದಿರುಗಿಸಲು ಅವಕಾಶವಿಲ್ಲ.’

ಸೇವೆಯಲ್ಲಿದ್ದ ಟೀಚರಮ್ಮ ಬೆಡ್‌ಶೀಟನ್ನು ಕೊಡವಿ ತಂತಿಯ ಮೇಲೆ ಹಾಕಿದಳು.

ಒಂಬತ್ತು ವರ್ಷ ಅವಳು ಹೊರದೇಶದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟಿದ್ದಳು. ಅಲ್ಲಿಯ ಭಾಷೆಯನ್ನು ಮೊದಲ ಆರು ತಿಂಗಳಲ್ಲಿ ಹಲ್ಲು ಕಚ್ಚಿ ಕಲಿತಿದ್ದಳು. ಅವಳ ಉಚ್ಚಾರಕ್ಕೆ ಮಕ್ಕಳು ನಕ್ಕರೆ ತಾನೂ ನಕ್ಕು, ಅದೇ ಪದವನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅವರಿಂದಲೇ ಹೇಳಿಸಿಕೊಳ್ಳುತ್ತಿದ್ದಳು. ಪ್ರತಿ ತಿಂಗಳೂ ಸಂಬಳದಲ್ಲಿ ಒಂದು ಪಾಲು ಪಿಂಚಣಿ ನಿಧಿಗೆ ಮುರಿದುಕೊಳ್ಳುತ್ತಿದ್ದರು. ಪರದೇಶದ ಟೀಚರುಗಳು ಕೆಲಸ ಬಿಟ್ಟು ತಮ್ಮೂರಿಗೆ ಹೋದ ಮೇಲೆ ಅದನ್ನು ವಾಪಸ್ ಕೇಳಬಹುದು ಎಂದು ಕಾನೂನಿತ್ತು. ಆದರೆ ಬಿಟ್ಟ ದಿನದಿಂದ ಮೂರು ವರ್ಷದೊಳಗೆ ಕೇಳಬೇಕು. ಆಮೇಲೆ ಕೇಳಿದರೆ ಇಲ್ಲ. ಅವಳು ಬಿಟ್ಟು ಬಂದು ಆಗಲೇ ಎರಡು ವರ್ಷ ಹತ್ತು ತಿಂಗಳಾಗಿತ್ತು.

ಗಂಡ ಅಂಚೆ ಕಚೇರಿಯಲ್ಲಿ ಗುಮಾಸ್ತ. ಲೋಕದ ಯಾವ ತೊಂದರೆಯೂ ಸರಿಯಾದ ವಿಳಾಸ ಬರೆದ ಕಾಗದಕ್ಕೆ ಬಗ್ಗುತ್ತದೆ ಎಂದು ನಂಬಿದವನು.

“ಇನ್ನೊಂದು ರಿಜಿಸ್ಟರ್ಡ್ ಹಾಕೋಣ,” ಅಂದ.

“ಮೂರು ಹಾಕಾಯ್ತಲ್ಲ.”

“ಹಾಗಾದ್ರೆ ಬಿಟ್ಟುಬಿಡು. ಅಲ್ಲಿಗೆ ಹೋಗಿ ಬರೋ ಖರ್ಚೇ ಅದರಲ್ಲಿ ಕಾಲುಭಾಗ ತಿಂದುಹಾಕುತ್ತೆ. ಹೋಗಿದ್ದು ಹೋಯ್ತು ಅಂದ್ಕೋ.”

ಪಕ್ಕದ ಮನೆಯಲ್ಲಿದ್ದ ಟೀಚರಮ್ಮನ ಅಣ್ಣನ ಹೆಂಡತಿ ಆ ಹೊತ್ತಿಗೆ ಒಂದು ಬಟ್ಟಲು ಸಕ್ಕರೆ ಸಾಲ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದರು. ಅತ್ತಿಗೆಗೆ ಹೊಲಿಗೆ ಅಂಗಡಿ. ಕೊರಳಲ್ಲಿ ಅಳತೆಯ ಟೇಪು ಸದಾ ಜೋತುಬಿದ್ದಿರುತ್ತಿತ್ತು, ಅದನ್ನು ತೆಗೆದಿಟ್ಟು ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ.

“ಹೋಗಿದ್ದು ಹೇಗೆ ಹೋಯ್ತು?” ಅತ್ತಿಗೆ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. “ಇವಳು ಅಲ್ಲಿ ಪಾಠ ಹೇಳ್ತಿದ್ದಾಗ ಇಲ್ಲಿ ನಿಮ್ಮ ಮಗಳಿಗೆ ಒಂಬತ್ತು ವರ್ಷ ಜಡೆ ಹೆಣೆದವಳು ನಾನು. ಸ್ಕೂಲಿಗೆ ಡಬ್ಬಿ ಕಟ್ಟಿದವಳು ನಾನು. ಆ ದುಡ್ಡಲ್ಲಿ ನನ್ನ ಕೈಯೂ ಇದೆ. ಬಿಡು ಅನ್ನೋಕೆ ನೀವ್ಯಾರು?”

ಗುಮಾಸ್ತ ಕನ್ನಡಕ ತೆಗೆದು ಒರೆಸತೊಡಗಿದ.

“ನಾನೂ ಬರ್ತೀನಿ,” ಅತ್ತಿಗೆ ನಾದಿನಿಯ ಕಡೆ ತಿರುಗಿದರು. “ನೀನೊಬ್ಬಳೇ ಹೋದ್ರೆ ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿ, ಥ್ಯಾಂಕ್ಸ್ ಹೇಳಿ ವಾಪಸ್ ಬರ್ತೀಯ. ನಿನ್ನನ್ನ ನನಗೆ ಗೊತ್ತಿಲ್ವಾ.”

“ಅತ್ತಿಗೆ, ನಿಮಗೆ ಅಲ್ಲಿನ ಭಾಷೆ ಒಂದಕ್ಷರ ಬರಲ್ಲ.”

“ಬರದೇ ಇರೋದೇ ಒಳ್ಳೇದು. ಅವರು ಬೇಡ ಅಂದಿದ್ದು ನನಗೆ ಅರ್ಥವೇ ಆಗಲ್ಲ.”

ಹೀಗೆ ಇಬ್ಬರೂ ಹೊರಟರು. ವೀಸಾ ಕೈಗೆ ಬರಲು ಆರು ವಾರ ಹಿಡಿಯಿತು. ಉಳಿದದ್ದು ಹದಿನೆಂಟೇ ದಿನ. ವಿಮಾನದಲ್ಲಿ ಅತ್ತಿಗೆ ಮುಂದಿನ ಸೀಟಿನ ಹೊಲಿಗೆಯನ್ನು ಬೆರಳಿನಿಂದ ಪರೀಕ್ಷಿಸಿ, ಕೆಲಸ ಪರವಾಗಿಲ್ಲ, ದಾರ ಮಾತ್ರ ಕಳಪೆ ಎಂದು ತೀರ್ಪು ಕೊಟ್ಟು ನಿದ್ದೆ ಹೋದರು.

ಪಿಂಚಣಿ ನಿಧಿಯ ಕಚೇರಿ ಬೂದು ಬಣ್ಣದ ಆರು ಮಹಡಿಯ ಕಟ್ಟಡ. ಟೋಕನ್ ತೆಗೆದುಕೊಂಡು ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಎರಡು ಗಂಟೆ ಕೂತ ಮೇಲೆ ಏಳನೇ ಕೌಂಟರಿಗೆ ಕರೆ ಬಂತು. ಗಾಜಿನ ಹಿಂದೆ ಕೂತಿದ್ದ ಹೆಂಗಸು ವಯಸ್ಸಿನಲ್ಲಿ ಟೀಚರಮ್ಮನಿಗಿಂತ ಚಿಕ್ಕವಳು. ಕಣ್ಣಿನ ಕೆಳಗೆ ದಣಿವಿತ್ತು, ಮಾತಿನಲ್ಲಿ ಒರಟುತನವಿರಲಿಲ್ಲ. ಅರ್ಜಿಯ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಹೊಡೆದು, ಸ್ವಲ್ಪ ಹೊತ್ತು ನೋಡಿ, ಪರದೆಯನ್ನು ಇವರ ಕಡೆಗೆ ತಿರುಗಿಸಿದಳು.

“ನೋಡಿ ಮೇಡಂ. ಹೋದ ತಿಂಗಳೂ ನಿಮ್ಮ ಹೆಸರಲ್ಲಿ ವಂತಿಗೆ ಕಟ್ಟಿದಾರೆ.”

“ಯಾರು?”

“ನಿಮ್ಮ ಸ್ಕೂಲು. ಒಂದು ತಿಂಗಳೂ ತಪ್ಪಿಲ್ಲ. ನಮ್ಮ ಲೆಕ್ಕದಲ್ಲಿ ನೀವು ಕೆಲಸ ಬಿಟ್ಟೇ ಇಲ್ಲ.”

ಟೀಚರಮ್ಮ ಪಾಸ್‌ಪೋರ್ಟು ತೋರಿಸಿದಳು. ದೇಶ ಬಿಟ್ಟ ದಿನದ ಮುದ್ರೆ ತೋರಿಸಿದಳು. ಹೆಂಗಸು ತಲೆ ಅಲ್ಲಾಡಿಸಿದಳು. ಮುದ್ರೆ ಇದ್ದರೆ ಪ್ರಯಾಣ ಮಾಡಿದ್ದಕ್ಕೆ ಪುರಾವೆ, ಕೆಲಸ ಬಿಟ್ಟಿದ್ದಕ್ಕಲ್ಲ. ಕೆಲಸ ಬಿಟ್ಟಿದ್ದಕ್ಕೆ ಶಾಲೆಯೇ ಸಹಿ, ಸೀಲು ಹಾಕಿ ಬಿಡುಗಡೆ ಪತ್ರ ಕೊಡಬೇಕು. ಇಲ್ಲವಾದರೆ ದೂರು ಕೊಡಬಹುದು, ತನಿಖೆಗೆ ಎಂಟು ತಿಂಗಳು ಬೇಕು.

“ಎಂಟು ತಿಂಗಳಾದ ಮೇಲೆ?”

ಹೆಂಗಸು ಮೇಜಿನ ಮೇಲಿನ ಪೆನ್ನನ್ನು ಸರಿಮಾಡಿದಳು. “ನೀವು ಬಿಟ್ಟಿದ್ದೀರಿ ಅಂತ ಸಾಬೀತಾಗುತ್ತೆ. ಆದ್ರೆ ಅಷ್ಟು ಹೊತ್ತಿಗೆ ನೀವು ಬಿಟ್ಟು ಮೂರು ವರ್ಷ ದಾಟಿರುತ್ತೆ.”

“ಏನಂತೆ?” ಅತ್ತಿಗೆ ಕೇಳಿದರು. ಟೀಚರಮ್ಮ ಹೇಳಿದಳು. ಅತ್ತಿಗೆ ಗಾಜಿನ ಹಿಂದಿನ ಹೆಂಗಸನ್ನು ದಿಟ್ಟಿಸಿ ನೋಡಿ, “ಇವಳದ್ದೇನೂ ತಪ್ಪಿಲ್ಲ. ನಡಿ ಸ್ಕೂಲಿಗೆ,” ಅಂದರು.

ಶಾಲೆಯ ಗೇಟಿನಲ್ಲಿ ಅದೇ ಹಳೇ ವಾಚ್‌ಮನ್ ಇದ್ದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಟೀಚರಮ್ಮನನ್ನು ಕಂಡು ಎದ್ದು ನಿಂತ.

“ಬಂದ್ರಾ ಮೇಡಂ. ರಜ ಮುಗೀತಾ?”

“ಯಾವ ರಜ?”

“ನೀವು ಉದ್ದ ರಜದ ಮೇಲೆ ಹೋಗಿದ್ದೀರಿ ಅಂತ ಹೇಳಿದ್ರಲ್ಲ. ಮೈ ಹುಷಾರಾಯ್ತಾ?”

ಪ್ರಿನ್ಸಿಪಾಲರು ಆ ಶಾಲೆಯ ಒಡೆಯರೂ ಹೌದು. ಇಲ್ಲ ಎಂಬ ಮಾತು ಅವರ ಬಾಯಲ್ಲಿ ಬಂದಿದ್ದನ್ನು ಒಂಬತ್ತು ವರ್ಷದಲ್ಲಿ ಟೀಚರಮ್ಮ ಕೇಳಿರಲಿಲ್ಲ. ಸಂಬಳ ಹೆಚ್ಚಿಸಿ ಎಂದಾಗಲೂ ಹೌದು ಅಂದಿದ್ದರು, ಲ್ಯಾಬಿಗೆ ಸಾಮಾನು ಬೇಕು ಎಂದಾಗಲೂ ಹೌದು ಅಂದಿದ್ದರು, ಎರಡೂ ಆಗಿರಲಿಲ್ಲ. ಈಗಲೂ ಬಾಗಿಲ ತನಕ ಬಂದು ಕರೆದೊಯ್ದು ಕೂರಿಸಿದರು. ಬಿಡುಗಡೆ ಪತ್ರ ತಾನೆ, ಖಂಡಿತ ಕೊಡೋಣ ಅಂದರು. ಕ್ಲರ್ಕ್ ರಜದ ಮೇಲಿದ್ದಾನೆ, ಹಳೇ ಕಡತ ಮೇಲಿನ ಕೋಣೆಯಲ್ಲಿದೆ, ಮುಂದಿನ ತಿಂಗಳು ನೋಡೋಣ ಅಂದರು.

“ನನ್ನ ಹೆಸರಲ್ಲಿ ಈಗಲೂ ವಂತಿಗೆ ಕಟ್ತಾ ಇದ್ದೀರಂತೆ ಸರ್.”

“ಅದೇನೋ ಕಂಪ್ಯೂಟರಿನ ಎಡವಟ್ಟು ಮೇಡಂ. ನೋಡೋಣ, ನೋಡೋಣ.”

ಟೀಚರಮ್ಮ ಅಭ್ಯಾಸಬಲದಿಂದ ಕೈ ಮುಗಿದು ಹೊರಗೆ ಬಂದಳು. ಅತ್ತಿಗೆ ಹಿಂದೆಯೇ ಗೊಣಗುತ್ತ ಬಂದರು. ಸ್ಟಾಫ್ ರೂಮಿನ ಪಕ್ಕದ ಗೋಡೆಯ ಮೇಲೆ ಆ ವರ್ಷದ ಟೈಮ್ ಟೇಬಲ್ ಅಂಟಿಸಿದ್ದರು. ದಾಟಿ ಹೋಗುತ್ತಿದ್ದ ಟೀಚರಮ್ಮ ನಿಂತಳು. ಒಂಬತ್ತನೇ ಎ, ಎರಡನೇ ಪೀರಿಯಡ್, ಭೌತಶಾಸ್ತ್ರ. ಎದುರಿಗೆ ಅವಳ ಹೆಸರು. ಹತ್ತನೇ ಬಿ, ಮೂರನೇ ಪೀರಿಯಡ್. ಮತ್ತೆ ಅವಳದೇ ಹೆಸರು. ವಾರಕ್ಕೆ ಹದಿನೆಂಟು ಪೀರಿಯಡ್ ಅವಳು ಪಾಠ ಮಾಡುತ್ತಿದ್ದಳು.

ಆಗ ಅವಳಿಗೆ ತಿಳಿಯಿತು. ಆ ದೇಶದ ನಿಯಮದಂತೆ, ಪದವಿ ಪಡೆದ ಮೂವರು ವಿಜ್ಞಾನದ ಟೀಚರುಗಳಿಲ್ಲದೆ ಒಂಬತ್ತು, ಹತ್ತನೇ ತರಗತಿ ನಡೆಸುವಂತಿರಲಿಲ್ಲ. ಹೊಸಬರನ್ನು ತಂದರೆ ಪೂರ್ತಿ ಸಂಬಳ ಕೊಡಬೇಕು. ಹೋದವಳ ಹೆಸರಲ್ಲಿ ಚೂರು ವಂತಿಗೆ ಕಟ್ಟಿದರೆ ಕಾಗದದ ಮೇಲೆ ಮೂವರೂ ಇರುತ್ತಾರೆ.

ಟೈಮ್ ಟೇಬಲಿನ ಕೆಳಗಿದ್ದ ಮೇಜಿನ ಮೇಲೆ ಹಾಜರಿ ಪುಸ್ತಕ ಬಿದ್ದಿತ್ತು. ತೆರೆದು ನೋಡಿದಳು. ದಿನವೂ ಅವಳ ಸಹಿ ಇತ್ತು. ಭಾನುವಾರ ಬಿಟ್ಟರೆ ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ.

ಅತ್ತಿಗೆ ಭುಜದ ಮೇಲಿಂದ ಇಣುಕಿದರು. ಅಕ್ಷರ ಬರದಿದ್ದರೂ ಕಣ್ಣು ಹೊಲಿಗೆಯವರದ್ದು. “ಇದು ನಿನ್ನ ಕೈ ಅಲ್ಲ. ನೀನು ಸಹಿ ಕೆಳಗೆ ಗೆರೆ ಎಳೀತೀಯ. ಇವನು ಯಾವನೋ ಗೆರೆ ಎಳೆಯೋಕೂ ಸೋಮಾರಿ.”

ಹೋಟೆಲಿಗೆ ವಾಪಸಾಗುವ ಬಸ್ಸಿನಲ್ಲಿ ಟೀಚರಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಳುತ್ತಿದ್ದಾಳೆ ಎಂದು ಅತ್ತಿಗೆ ಕರವಸ್ತ್ರ ಹುಡುಕಿದರು. ಅವಳು ಅಳುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದಳು. ಇಳಿಯುವಾಗ, “ಅತ್ತಿಗೆ, ನಾಳೆ ನನ್ನ ಹತ್ತಿಯ ಸೀರೆಗೆ ಇಸ್ತ್ರಿ ಬೇಕು. ಎರಡನೇ ಪೀರಿಯಡ್ಡಿಗೆ ಹೋಗಬೇಕು,” ಅಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಗೇಟು ದಾಟಿದಾಗ ವಾಚ್‌ಮನ್ ಸಲಾಮು ಹೊಡೆದ. ಟೀಚರಮ್ಮ ನೇರವಾಗಿ ಹಾಜರಿ ಪುಸ್ತಕದ ಹತ್ತಿರ ಹೋದಳು. ಆ ದಿನದ ಚೌಕ ಇನ್ನೂ ಖಾಲಿ ಇತ್ತು. ಪರ್ಸಿನಿಂದ ಪೆನ್ನು ತೆಗೆದು ತನ್ನ ಹೆಸರಿನ ಮುಂದೆ ಸಹಿ ಹಾಕಿ, ಕೆಳಗೆ ಗೆರೆ ಎಳೆದಳು. ಬಂದ ವೇಳೆಯನ್ನೂ ಬರೆದಳು. ಸುಮಾರು ಮೂರು ವರ್ಷದಲ್ಲಿ ಆ ಸಾಲಿನಲ್ಲಿ ಬಿದ್ದ ಮೊದಲ ನಿಜವಾದ ಸಹಿ ಅದು.

ಒಂಬತ್ತನೇ ಎ ತರಗತಿಯಲ್ಲಿ ಚಿತ್ರಕಲೆಯ ಮಾಸ್ತರರು ಮಕ್ಕಳನ್ನು ಸುಮ್ಮನೆ ಕೂರಿಸಿಕೊಂಡಿದ್ದರು. ಟೀಚರಮ್ಮ ಬಾಗಿಲಲ್ಲಿ ನಿಂತು, “ಇದು ನನ್ನ ಪೀರಿಯಡ್ ಮಾಸ್ತರೇ,” ಅಂದಳು. ಆ ಮನುಷ್ಯನ ಮುಖದಲ್ಲಿ ಹೊತ್ತ ಮೂಟೆ ಇಳಿಸಿದವನ ನೆಮ್ಮದಿ ಕಂಡಿತು. ಒಂದು ಮಾತೂ ಕೇಳದೆ ಹೊರಟುಹೋದರು. ಅತ್ತಿಗೆ ಕೊನೇ ಬೆಂಚಿನಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಕೈಕಟ್ಟಿ ಕೂತರು.

ಮೂವತ್ತನಾಲ್ಕು ಮಕ್ಕಳು. ಟೀಚರಮ್ಮ ತನ್ನ ಹೆಸರು ಹೇಳಿದಳು. ತರಗತಿಯಲ್ಲಿ ಗುಸುಗುಸು ಎದ್ದಿತು.

“ನಿಮಗೆ ಫಿಸಿಕ್ಸ್ ಯಾರು ಹೇಳಿಕೊಡ್ತಾರೆ?” ಅಂತ ಕೇಳಿದಳು.

ಮೊದಲ ಬೆಂಚಿನ ಕುಳ್ಳಗಿನ ಹುಡುಗಿಯೊಬ್ಬಳು ಎದ್ದು ನಿಂತಳು. “ನೀವೇ ಟೀಚರ್. ಟೈಮ್ ಟೇಬಲಲ್ಲಿ ನೀವೇ ಇರೋದು. ನಾವು ನಿಮ್ಮನ್ನ ನೋಡಿರಲಿಲ್ಲ ಅಷ್ಟೆ.”

“ಹಾಗಾದ್ರೆ ಪಾಠ?”

“ಪುಸ್ತಕ ನೋಡಿ ಬರ್ಕೊಳ್ತೀವಿ. ಪರೀಕ್ಷೆ ಬಂದಾಗ ಅದನ್ನೇ ಬರೀತೀವಿ.”

ಅಲ್ಲಿಯ ತನಕ ಟೀಚರಮ್ಮನಿಗೆ ತನಗಾದ ಅನ್ಯಾಯವೊಂದೇ ಕಣ್ಣಮುಂದಿತ್ತು. ಈಗ ಮಕ್ಕಳಿಗಾದದ್ದೂ ಕಂಡಿತು. ಈ ಮಕ್ಕಳು ತನ್ನ ಹೆಸರನ್ನು ಓದಿಕೊಂಡು, ತನಗಾಗಿ ಕಾದು, ಕಾಯುವುದನ್ನೂ ಬಿಟ್ಟಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಪುಸ್ತಕ ಮುಚ್ಚಿ. ಈ ತರಗತಿಯಲ್ಲಿ ಎಲ್ಲರಿಗಿಂತ ಬಲ ಯಾರಿಗೆ ಜಾಸ್ತಿ?”

ಎಲ್ಲರೂ ಒಬ್ಬ ಗಟ್ಟಿಮುಟ್ಟಾದ ಹುಡುಗನ ಕಡೆ ಕೈ ತೋರಿಸಿದರು. ಟೀಚರಮ್ಮ ಅವನನ್ನು ತರಗತಿಯ ದಪ್ಪ ಮರದ ಬಾಗಿಲ ಹತ್ತಿರ ಕರೆದು, ಒಳಗಡೆಯಿಂದ, ಚೌಕಟ್ಟಿಗೆ ಸೇರುವ ತಿರುಗಣೆಯ ಪಕ್ಕ ಕೈಯಿಟ್ಟು ಹೊರಕ್ಕೆ ತಳ್ಳಲು ಹೇಳಿದಳು. ಮಾತಾಡಿದ ಕುಳ್ಳ ಹುಡುಗಿಯನ್ನು ಹೊರಗೆ ನಿಲ್ಲಿಸಿ, ಹಿಡಿಕೆಯ ಹತ್ತಿರ ಒಂದು ಕೈಯಿಂದ ಒಳಕ್ಕೆ ತಳ್ಳಲು ಹೇಳಿದಳು. ಹುಡುಗ ಕೆಂಪಗಾಗುವಷ್ಟು ತಳ್ಳಿದ. ಬಾಗಿಲು ಮೆಲ್ಲಗೆ ಅವನ ಕಡೆಗೇ ಬಂತು. ತರಗತಿ ಹೋ ಎಂದು ನಕ್ಕಿತು. ಅವನೂ ನಕ್ಕ.

“ಇವಳ ಕೈಯಲ್ಲಿ ಜಾಸ್ತಿ ಬಲ ಇಲ್ಲ. ಮತ್ತೆ ಹೇಗೆ ಗೆದ್ದಳು?”

ಒಬ್ಬೊಬ್ಬರೂ ಒಂದೊಂದು ಹೇಳತೊಡಗಿದರು. ಅಡಿಪಟ್ಟಿ ಬಂತು, ಅಳತೆ ಬೇಕಾಯಿತು, ಅತ್ತಿಗೆಯ ಕೊರಳಿನ ಟೇಪು ಮೊದಲ ಸಲ ಇನ್ನೊಬ್ಬರ ಕೈಗೆ ಹೋಯಿತು. ತಿರುಗಣೆಯಿಂದ ಎಷ್ಟು ದೂರಕ್ಕೆ ಎಷ್ಟು ಸುಲಭ ಎಂದು ಮಕ್ಕಳೇ ಬೋರ್ಡಿನ ಮೇಲೆ ಪಟ್ಟಿ ಮಾಡುತ್ತಿದ್ದರು. ಬಾಗಿಲಿಗೆ ಈಗ ಐದು ಜನ ಒಳಗೆ, ಇಬ್ಬರು ಹೊರಗೆ. ಆ ಹೊತ್ತಿಗೆ ಗದ್ದಲ ಕೇಳಿ ಪ್ರಿನ್ಸಿಪಾಲರು ಬಂದರು. ಬಾಗಿಲು ಅವರ ಮುಂದೆ ಒಮ್ಮೆ ಮುಚ್ಚಿತು, ಒಮ್ಮೆ ತೆರೆಯಿತು, ಮತ್ತೆ ಮುಚ್ಚಿತು. ಒಳಗೆ ಬರಲು ಅವರಿಗೆ ಸಂದು ಸಿಗಲಿಲ್ಲ. ಗಂಟೆ ಹೊಡೆಯುವ ತನಕ ಕಾರಿಡಾರಿನಲ್ಲೇ ನಿಂತರು.

ಟೀಚರಮ್ಮ ಕೈಯ ಸೀಮೆಸುಣ್ಣದ ಪುಡಿ ಕೊಡವುತ್ತ ಹೊರಗೆ ಬಂದಳು.

“ಮೇಡಂ, ಇದೇನಿದು? ಯಾರ ಅನುಮತಿ ತಗೊಂಡು ಕ್ಲಾಸಿಗೆ ಹೋದ್ರಿ?” ಪ್ರಿನ್ಸಿಪಾಲರ ದನಿ ಸಿಹಿಯಾಗಿಯೇ ಇತ್ತು, ಆದರೆ ಹಣೆ ಬೆವರಿತ್ತು.

“ಟೈಮ್ ಟೇಬಲಿನ ಅನುಮತಿ ಸರ್. ಹಾಜರಿಗೂ ಸಹಿ ಹಾಕಿದ್ದೀನಿ. ನಾನು ಇಲ್ಲಿ ಕೆಲಸದಲ್ಲಿ ಇದ್ದೀನಿ ಅಂದ್ರೆ, ಸರಿ, ಇದ್ದೀನಿ. ನಾಳೆನೂ ಬರ್ತೀನಿ. ತಿಂಗಳ ಕೊನೆಗೆ ಸಂಬಳಕ್ಕೆ ನಿಲ್ತೀನಿ, ಬಾಕಿ ಇರೋ ಮೂರು ವರ್ಷದ್ದೂ ಸೇರಿಸಿ. ಇಲ್ಲ ಅಂದ್ರೆ, ಇಲ್ಲ ಅಂತ ಬರೆದುಕೊಡಿ.”

ತನ್ನ ಬಾಯಿಂದ ಬಂದ ಮಾತು ತನಗೇ ಹೊಸದಾಗಿ ಕೇಳಿಸಿತು. ಆದರೂ ನಿಂತಲ್ಲೇ ನಿಂತಳು.

ಪ್ರಿನ್ಸಿಪಾಲರು ಅತ್ತಿತ್ತ ನೋಡಿದರು. ತರಗತಿಯ ಕಿಟಕಿಯಲ್ಲಿ ಮೂವತ್ತನಾಲ್ಕು ಮುಖಗಳಿದ್ದವು. “ಆಯ್ತು ಮೇಡಂ. ಪತ್ರ ಕೊಡ್ತೀನಿ. ಇವತ್ತಿನ ತಾರೀಕಿನಿಂದ ನೀವು ಕೆಲಸ ಬಿಟ್ಟಿದ್ದೀರಿ ಅಂತ ಬರೀತೀನಿ. ಇಬ್ಬರಿಗೂ ತೊಂದರೆ ಇಲ್ಲ.”

“ಏನಂತೆ?” ಅಂದರು ಅತ್ತಿಗೆ.

“ಇವತ್ತಿನ ತಾರೀಕು ಹಾಕ್ತಾರಂತೆ.”

ಅತ್ತಿಗೆ ಪ್ರಿನ್ಸಿಪಾಲರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಚ್ಚ ಕನ್ನಡದಲ್ಲೇ ಅವರಿಗೆ ಹೇಳಿದರು: “ನಮಗೆ ಬೇಕಾಗಿರೋದು ನಮ್ಮ ಅಳತೆಗೆ ಹೊಲಿದಿದ್ದು. ನಿಮ್ಮ ಅಳತೆಗೆ ಹೊಲಿದಿದ್ದು ನೀವೇ ಹಾಕ್ಕೊಳ್ಳಿ.”

ಪ್ರಿನ್ಸಿಪಾಲರಿಗೆ ಪದ ತಿಳಿಯದಿದ್ದರೂ ಅರ್ಥವಾದಂತಿತ್ತು. ಒಂದು ಹೆಜ್ಜೆ ಹಿಂದೆ ಸರಿದರು.

“ನಾನು ಬಿಟ್ಟ ನಿಜವಾದ ತಾರೀಕು ಹಾಕಿ ಸರ್,” ಟೀಚರಮ್ಮ ಅಂದಳು. “ಸುಳ್ಳು ತಾರೀಕಿನ ಕಾಗದ ನನಗೆ ಬೇಡ. ಬರೆಯೋಕೆ ಎಷ್ಟು ಹೊತ್ತು ಬೇಕು?”

“ಒಂದು... ಒಂದು ಗಂಟೆ.”

“ಒಳ್ಳೇದು. ನನಗೆ ಮೂರನೇ ಪೀರಿಯಡ್ ಹತ್ತನೇ ಬಿ ಇದೆ. ಮುಗಿಸಿಕೊಂಡು ಬರ್ತೀನಿ.”

ಹತ್ತನೇ ಬಿಗೆ ಸುದ್ದಿ ಆಗಲೇ ತಲುಪಿತ್ತು. ಅವಳು ಒಳಗೆ ಕಾಲಿಟ್ಟಾಗ ಇಡೀ ತರಗತಿ ಎದ್ದು ನಿಂತಿತ್ತು, ಪುಸ್ತಕಗಳೆಲ್ಲ ಮುಚ್ಚಿದ್ದವು. ಮುಕ್ಕಾಲು ಗಂಟೆ ಅವಳು ಎಷ್ಟೋ ದಿನ ಆಡದ ಭಾಷೆಯಲ್ಲಿ, ಒಂದು ಪದಕ್ಕೂ ತಡವರಿಸದೆ ಪಾಠ ಮಾಡಿದಳು. ಮೂರು ವರ್ಷ ಮನೆಯಲ್ಲಿ ಕೂತು ತಾನು ಮಾಸಿಹೋದೆ ಎಂದುಕೊಂಡಿದ್ದಳು. ಗಂಟೆ ಹೊಡೆದಾಗ ಇನ್ನೂ ಒಂದು ಗಂಟೆ ಇದ್ದಿದ್ದರೆ ಎಂದು ಅನ್ನಿಸಿತು.

ಪತ್ರ ಸಿದ್ಧವಾಗಿತ್ತು. ರಜದ ಮೇಲಿದ್ದಾನೆ ಎಂದಿದ್ದ ಕ್ಲರ್ಕೇ ತಂದುಕೊಟ್ಟ. ಸಹಿ, ಸೀಲು, ಸರಿಯಾದ ತಾರೀಕು. ಟೀಚರಮ್ಮ ಎರಡು ಸಲ ಓದಿದಳು. ಅತ್ತಿಗೆ ಸೀಲನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ನಮ್ಮ ನಮ್ಮಲ್ಲೇ ಇರಲಿ ಮೇಡಂ,” ಪ್ರಿನ್ಸಿಪಾಲರು ತಗ್ಗಿದ ದನಿಯಲ್ಲಿ ಅಂದರು.

“ನಾನಾಗಿ ಹೇಳಿಕೊಂಡು ತಿರುಗಲ್ಲ ಸರ್. ಆದ್ರೆ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳಲ್ಲ.”

ಕೇಳುವವರು ಕೇಳಿಯೇ ಕೇಳಿದರು. ಅದೇ ಮಧ್ಯಾಹ್ನ ಏಳನೇ ಕೌಂಟರಿನ ಹೆಂಗಸು ಪತ್ರ ಓದಿ, ಪರದೆ ನೋಡಿ, ಮತ್ತೆ ಪತ್ರ ನೋಡಿ, ಒಳಗಿನಿಂದ ಮೇಲಧಿಕಾರಿಯನ್ನು ಕರೆತಂದಳು. ನರೆತ ತಲೆಯ ಆತ ಗಾಜಿನ ಈಚೆ ಬಂದು ಇವರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತ.

“ಪತ್ರದ ಪ್ರಕಾರ ನೀವು ಬಿಟ್ಟು ಮೂರು ವರ್ಷ ಆಗೋಕೆ ಇನ್ನೂ ಹದಿನಾಲ್ಕು ದಿನ ಇದೆ. ನಿಮ್ಮ ಅರ್ಜಿ ಊರ್ಜಿತ,” ಎಂದು ಮೊದಲು ಅದನ್ನು ಹೇಳಿ ಅವಳ ಉಸಿರು ಸಡಿಲ ಮಾಡಿದ. ಆಮೇಲೆ ಕೇಳಿದ, “ಹಾಗಾದ್ರೆ ಇಷ್ಟು ದಿನ ನಿಮ್ಮ ಹೆಸರಲ್ಲಿ ಕೆಲಸ ಮಾಡಿದ್ದು ಯಾರು?”

“ಯಾರೂ ಇಲ್ಲ ಸರ್. ಅದೇ ತೊಂದರೆ.”

ಟೈಮ್ ಟೇಬಲ್, ಹಾಜರಿ ಪುಸ್ತಕ, ಪುಸ್ತಕ ನೋಡಿ ಬರೆದುಕೊಳ್ಳುವ ಮಕ್ಕಳು, ಎಲ್ಲವನ್ನೂ ಹೇಳಿದಳು. ಆತ ಬರೆದುಕೊಡಿ ಅಂದ. ಟೀಚರಮ್ಮ ಎರಡು ಪುಟ ಬರೆದಳು. ತಾನು ಬಿಟ್ಟ ಮೇಲೆ ಕಟ್ಟಿದ ವಂತಿಗೆಯಲ್ಲಿ ತನಗೆ ಒಂದು ಕಾಸೂ ಬೇಡ, ದುಡಿದ ಒಂಬತ್ತು ವರ್ಷದ್ದು ಮಾತ್ರ ಕೊಡಿ ಎಂದು ಬರೆದಳು. ಕೊನೆಗೆ, ಒಂಬತ್ತು ಮತ್ತು ಹತ್ತನೇ ತರಗತಿಗೆ ತಕ್ಷಣ ಭೌತಶಾಸ್ತ್ರದ ಟೀಚರು ಬೇಕು, ಮಕ್ಕಳು ಬಹಳ ಚುರುಕಾಗಿದ್ದಾರೆ ಎಂದು ಸೇರಿಸಿದಳು. ಹೆಂಗಸು ಅರ್ಜಿಯ ಮೇಲೆ ಮುದ್ರೆ ಒತ್ತಿದಳು. ಆ ಸದ್ದಿಗೆ ಅತ್ತಿಗೆ ಎದ್ದು ನಿಂತು, ಗಾಜಿನ ಕೆಳಗಿನ ಸಂದಿಯಲ್ಲಿ ಕೈ ತೂರಿಸಿ ಅವಳ ಕೈ ಕುಲುಕಿದರು.

ಆರು ವಾರದ ಮೇಲೆ ಒಂದು ಬೆಳಿಗ್ಗೆ ಬ್ಯಾಂಕಿನಿಂದ ಸಂದೇಶ ಬಂತು. ಪೂರ್ತಿ ಮೊತ್ತ, ಬಡ್ಡಿ ಸಮೇತ. ಟೀಚರಮ್ಮ ಮೊಬೈಲನ್ನು ಗಂಡನ ಕೈಗೆ ಕೊಟ್ಟು ಒಲೆಯ ಮೇಲಿನ ಹಾಲು ನೋಡಲು ಹೋದಳು. ಅವನು ಸೊನ್ನೆಗಳನ್ನು ಎಣಿಸುವಷ್ಟರಲ್ಲಿ ಹಾಲು ಉಕ್ಕಿತು, ಯಾರೂ ಬೈಯಲಿಲ್ಲ. ಅದೇ ವಾರ ಅತ್ತಿಗೆಯ ಅಂಗಡಿಗೆ ಬಟ್ಟೆಯ ಅಂಚು ಹೊಲಿಯುವ ಹೊಸ ಓವರ್‌ಲಾಕ್ ಮಷಿನ್ ಬಂತು. ಬೇಡ, ಬೇಡ ಎಂದವರು, ಯಾವ ಕಂಪನಿಯದ್ದು ಬೇಡ, ಯಾವುದು ಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರು.

ತಿಂಗಳ ಕೊನೆಗೆ ಕಚೇರಿಯ ಲಕೋಟೆ ಬಂತು. ಒಳಗೆ ರಸೀದಿಯ ಜೊತೆಗೆ ಏಳನೇ ಕೌಂಟರಿನ ಹೆಂಗಸು ಕೈಯಲ್ಲಿ ಬರೆದ ಚೀಟಿ ಇತ್ತು. ತನಿಖೆಯವರು ಶಾಲೆಗೆ ಹೋಗಿ ಬಂದರು, ದಂಡ ಬಿತ್ತು, ಭೌತಶಾಸ್ತ್ರಕ್ಕೆ ಇಬ್ಬರು ಹೊಸ ಟೀಚರುಗಳು ಸೇರಿದ್ದಾರೆ, ತನ್ನ ತಂಗಿಯ ಮಗಳು ಅದೇ ಶಾಲೆಯ ಎಂಟನೇ ತರಗತಿಯಲ್ಲಿದ್ದಾಳೆ, ಮುಂದಿನ ವರ್ಷ ಒಂಬತ್ತಕ್ಕೆ ಹೋಗುತ್ತಾಳೆ, ಥ್ಯಾಂಕ್ಸ್ ಎಂದಿತ್ತು. ಟೀಚರಮ್ಮ ಆ ಚೀಟಿಯನ್ನು ಮೂರು ಸಲ ಓದಿದಳು. ಬ್ಯಾಂಕಿನ ಸಂದೇಶವನ್ನು ಅವಳು ಅಷ್ಟು ಸಲ ಓದಿರಲಿಲ್ಲ. ಮರುವಾರವೇ ಹತ್ತಿರದ ಹೈಸ್ಕೂಲಿಗೆ ಹೋಗಿ, ಟೀಚರು ಬೇಕಾಗಿದ್ದಾರಾ ಎಂದು ವಿಚಾರಿಸಿದಳು. ಬೇಕಾಗಿದ್ದರು.

ಈಗ ಮನೆಗೆ ಯಾರೇ ಬಂದರೂ ಗುಮಾಸ್ತ ಈ ಕಥೆ ಹೇಳದೆ ಬಿಡುವುದಿಲ್ಲ, ಪಕ್ಕದಲ್ಲೇ ನಿಂತು ನೋಡಿದವನ ಹಾಗೆ ಹೇಳುತ್ತಾನೆ. ಅವನ ಕಥೆಯಲ್ಲಿ ಹೆಂಡತಿ ಎರಡಲ್ಲ, ಆರು ಪೀರಿಯಡ್ ಪಾಠ ಮಾಡುತ್ತಾಳೆ, ಪ್ರಿನ್ಸಿಪಾಲರು ಎರಡು ಸಲ ಬೀಳುತ್ತಾರೆ, ವಾಚ್‌ಮನ್ ಚಪ್ಪಾಳೆ ತಟ್ಟುತ್ತಾನೆ. ಅತ್ತಿಗೆ ಅಲ್ಲಿದ್ದರೆ ಇನ್ನೂ ಒಂದೆರಡು ಸೇರಿಸುತ್ತಾರೆ. ಟೀಚರಮ್ಮ ಊಟದ ಮೇಜಿನ ಆ ತುದಿಯಲ್ಲಿ ಕೂತು ನಾಳೆಯ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತ, ಒಂದನ್ನೂ ತಿದ್ದದೆ, ನಗುತ್ತ ಕೇಳಿಸಿಕೊಳ್ಳುತ್ತಾಳೆ.